ಜಾಲಪುಟಗಳ ಸಂಗ್ರಹವೂ ವಿದ್ಯಾರ್ಥಿನಿಯರೂ

ಓದುವವರಿಗೆ ಎರಡು ಕೆಲಸಗಳುಂಟು. ಬೇಕಾದುದನ್ನು ಹುಡುಕಿ ತೆಗೆಯುವುದು ಒಂದು. ಹಾಗೆ ತೆಗೆದುದನ್ನು ಮುಂದಿನ ಉಪಯೋಗಕ್ಕಾಗಿ ಉಳಿಸಿಕೊಳ್ಳುವುದು ಮತ್ತೊಂದು. ಮೊದಲನೆಯ ಕೆಲಸವು ನಮ್ಮ ಕಾಲದಲ್ಲಿ ಬಹಳ ಸುಲಭವಾಗಿದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಕುಳಿತ ಬಾಲಿಕೆಯು ಗ್ರಂಥಾಲಯದ ಮೆಟ್ಟಿಲನ್ನು ಹತ್ತದೆಯೇ ದೇಶಾಂತರದ ವಿದ್ವಾಂಸರು ಬರೆದ ಪುಟವನ್ನು ಅಂಗೈಯಲ್ಲಿ ತೆರೆದು ನೋಡಬಲ್ಲಳು. ಎರಡನೆಯ ಕೆಲಸವಾದರೋ ಹಿಂದಿಗಿಂತಲೂ ಕಷ್ಟವಾಗಿದೆ. ಅದು ಕಷ್ಟವೆಂಬುದೇ ಹೆಚ್ಚಿನವರಿಗೆ ತಿಳಿದಿಲ್ಲವಾದುದರಿಂದ ಅದರ ವಿಷಯವಾಗಿ ನಾಲ್ಕು ಮಾತುಗಳನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದಿಡಬೇಕೆಂದಿದ್ದೇವೆ.

ನಮ್ಮ ಅಭಿಪ್ರಾಯವಿದು. ಅಂತರ್ಜಾಲದಲ್ಲಿ ಕಂಡ ಒಳ್ಳೆಯ ಪುಟವನ್ನು ಆಯ್ದು, ಹೆಸರಿಟ್ಟು, ಮೂಲವನ್ನೂ ದಿನವನ್ನೂ ಬರೆದು, ತನ್ನ ವಶದಲ್ಲಿಯೇ ಇಟ್ಟುಕೊಳ್ಳುವುದು ಓದಿನ ಒಂದು ಅಂಗವೇ ಆಗಿದೆ. ಹೊಲಿಗೆಯನ್ನೂ ಲೆಕ್ಕವನ್ನೂ ಹೇಗೆ ಕಲಿಸುವೆವೋ ಹಾಗೆಯೇ ಇದನ್ನೂ ನಮ್ಮ ಶಾಲೆಗಳಲ್ಲಿ ಕಲಿಸತಕ್ಕದ್ದು.

“ಇಟ್ಟುಕೊಳ್ಳುವುದೇತಕ್ಕೆ? ಬೇಕಾದಾಗ ಮತ್ತೆ ಹುಡುಕಿದರಾಯಿತು” ಎಂದು ಹೇಳುವವರುಂಟು. ಈ ಮಾತಿನ ಹಿಂದೆ ಒಂದು ನಂಬಿಕೆಯಿದೆ: ಇಂದು ಕಂಡ ಪುಟವು ನಾಳೆಯೂ ಅಲ್ಲಿಯೇ ಇರುವುದೆಂದು. ಆ ನಂಬಿಕೆಗೆ ಆಧಾರವಿಲ್ಲ. ಅಮೆರಿಕ ದೇಶದ ಪ್ಯೂ ಸಂಶೋಧನಾ ಕೇಂದ್ರದವರು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2013ರಲ್ಲಿ ಇದ್ದ ಜಾಲಪುಟಗಳಲ್ಲಿ ನೂರಕ್ಕೆ 38ರಷ್ಟು ಹತ್ತು ವರ್ಷಗಳು ಕಳೆಯುವಷ್ಟರಲ್ಲಿ ಕಾಣದಾಗಿದ್ದವು. ಇನ್ನು ಕೆಲವು ಪುಟಗಳು ಅಳಿಯುವುದಿಲ್ಲ. ಆದರೆ ಅವುಗಳೊಳಗಿನ ಮಾತು ಬದಲಾಗುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನೇ ನೋಡಿರಿ. ಅಲ್ಲಿ ಯಾರು ಬೇಕಾದರೂ ತಿದ್ದಬಹುದಾದುದರಿಂದ ಜೂನ್ ತಿಂಗಳಲ್ಲಿ ಓದಿದ ಲೇಖನವು ಜನವರಿಯಲ್ಲಿ ಹಾಗೆಯೇ ಇರುವುದೆಂದು ಹೇಳಲಾಗದು. ಆ ಸಂಸ್ಥೆಯು ತಿದ್ದುಪಡಿಗಳ ಇತಿಹಾಸವನ್ನೆಲ್ಲ ಬಹಿರಂಗವಾಗಿ ಇಟ್ಟಿರುವುದು ಅದರ ಹೆಚ್ಚುಗಾರಿಕೆಯೇ ಸರಿ. ಉಳಿದ ಬಹುತೇಕ ತಾಣಗಳು ಅಂತಹ ಇತಿಹಾಸವನ್ನು ಓದುಗರಿಗೆ ತೋರಿಸುವುದಿಲ್ಲ.

ಪುಟಗಳು ಮಾತ್ರವಲ್ಲ, ಪುಟಗಳನ್ನು ಕಾಪಾಡುವೆವೆಂದು ಮುಂದೆ ಬಂದ ಉಗ್ರಾಣಗಳೇ ಮುಚ್ಚಿಹೋದುದನ್ನು ನಾವು ಕಂಡಿದ್ದೇವೆ. ಸಾಮಾನ್ಯ ಜನರು ತಮ್ಮ ತಮ್ಮ ಪುಟಗಳನ್ನು ಕಟ್ಟಿಕೊಂಡಿದ್ದ ಜಿಯೋಸಿಟೀಸ್ ಎಂಬ ತಾಣವು 2009ರಲ್ಲಿ ನಿಂತಿತು. ಹಲವು ತಾಣಗಳ ಹೊಸ ಬರಹಗಳನ್ನು ಒಂದೆಡೆ ತಂದುಕೊಡುತ್ತಿದ್ದ ಗೂಗಲ್ ರೀಡರ್ 2013ರ ಜುಲೈಯಲ್ಲಿ ನಿಂತಿತು. ಆಮೇಲೆ ಓದಲೆಂದು ಪುಟಗಳನ್ನು ತೆಗೆದಿಡುವುದಕ್ಕಾಗಿಯೇ 2007ರಲ್ಲಿ ಹುಟ್ಟಿ, ಲಕ್ಷಾಂತರ ಓದುಗರ ವಿಶ್ವಾಸವನ್ನು ಗಳಿಸಿದ್ದ ಪಾಕೆಟ್ ಎಂಬ ಸೌಕರ್ಯವನ್ನು ಅದರ ಒಡೆಯರಾದ ಮೊಜಿಲ್ಲಾದವರು 2025ರ ಜುಲೈ 8ರಂದು ನಿಲ್ಲಿಸಿದರು. ತಮ್ಮ ಪಟ್ಟಿಯನ್ನು ಇಳಿಸಿಕೊಂಡು ಹೋಗಲು ಓದುಗರಿಗೆ ಕೆಲವು ತಿಂಗಳ ಅವಕಾಶ ಕೊಟ್ಟರೆಂಬುದು ನಿಜ. ಆದರೆ ಆ ಸುದ್ದಿ ತಲುಪದವರ ಗತಿಯೇನು?

ದೂರದ ಮಾತೇಕೆ? ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಬೆಳೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಗ್ರಂಥಭಂಡಾರದಲ್ಲಿ ಕನ್ನಡವೂ ಸೇರಿ ಅನೇಕ ಭಾಷೆಗಳ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಬಿಂಬಿಸಿ ಇಟ್ಟಿದ್ದರು. ಗ್ರಂಥಸ್ವಾಮ್ಯದ ತಕರಾರುಗಳೇ ಮೊದಲಾದ ಕಾರಣಗಳಿಂದ ಆ ಭಂಡಾರದ ಬಾಗಿಲು 2017ರ ಸುಮಾರಿಗೆ ಮುಚ್ಚಿತು. ಅಷ್ಟರೊಳಗೆ ಕಾರ್ಲ್ ಮಲಮುಡ್ ಎಂಬ ಅಮೆರಿಕದವರು ಅದರಲ್ಲಿದ್ದ ನಾಲ್ಕು ಲಕ್ಷಕ್ಕೂ ಮಿಕ್ಕ ಪುಸ್ತಕಗಳ ಪ್ರತಿಗಳನ್ನು ಸ್ಯಾನ್ ಫ್ರಾನ್ಸಿಸ್ಕೋ ನಗರದ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆಗೆ ಸಾಗಿಸಿದ್ದರಿಂದ ಅನೇಕ ಕನ್ನಡ ಗ್ರಂಥಗಳು ಇಂದಿಗೂ ಓದಲು ದೊರೆಯುತ್ತಿವೆ. ಒಬ್ಬರು ಪ್ರತಿಮಾಡಿಟ್ಟುಕೊಂಡುದರಿಂದ ಊರಿಗೆಲ್ಲಾ ಉಪಕಾರವಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಿಲ್ಲ.

ಆ ಇಂಟರ್‌ನೆಟ್ ಆರ್ಕೈವ್ 1996ರಲ್ಲಿ ಬ್ರೂಸ್ಟರ್ ಕೇಲ್ ಎಂಬವರಿಂದ ಸ್ಥಾಪಿತವಾದುದು. ಹಳೆಯ ಜಾಲಪುಟಗಳನ್ನು ತೋರಿಸುವ ಅದರ ವೇಬ್ಯಾಕ್ ಮೆಷೀನ್ ಎಂಬ ವಿಭಾಗದಲ್ಲಿ 2025ರ ಅಕ್ಟೋಬರಿನ ಹೊತ್ತಿಗೆ ಒಂದು ಲಕ್ಷ ಕೋಟಿ ಪುಟಗಳು ಸೇರಿದ್ದವು. ಇದು ಮಹತ್ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಹಾಗಾದರೂ ಅದೊಂದನ್ನೇ ನಂಬಿ ಕೈಕಟ್ಟಿ ಕುಳಿತುಕೊಳ್ಳಲಾಗದು. 2017ರ ಆಗಸ್ಟಿನಲ್ಲಿ ಚಲನಚಿತ್ರಗಳ ಕಳ್ಳಪ್ರತಿಗಳಿಗೆ ಸಂಬಂಧಿಸಿದ ನ್ಯಾಯಾಲಯದ ಆಜ್ಞೆಯ ಕಾರಣ ಅದು ಭಾರತದಲ್ಲಿ ಕೆಲವು ದಿನಗಳು ತೆರೆಯದಾಯಿತು. 2024ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳ ದಾಳಿಯಿಂದ ಮತ್ತೆ ಕೆಲವು ದಿನಗಳು ನಿಂತುಹೋಯಿತು. ಅಲ್ಲದೆ ಹೊಸಕೋಟೆಯ ಕೆರೆಯ ಹಕ್ಕಿಗಳ ವಿಷಯವಾಗಿ ಒಬ್ಬರು ಕನ್ನಡದಲ್ಲಿ ಬರೆದ ಚಿಕ್ಕ ಲೇಖನವು ಆ ಮಹಾಭಂಡಾರದಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಹೋಗಿ ನೋಡಿದಲ್ಲದೆ ತಿಳಿಯದು. ಸೇರಿಲ್ಲವಾದರೆ ಅದನ್ನು ಸೇರಿಸುವ ಮಾರ್ಗವು ಎಲ್ಲರಿಗೂ ತೆರೆದಿದೆ. ಪುಟದ ವಿಳಾಸವನ್ನು ಅಲ್ಲಿ ಕೊಟ್ಟರೆ, ಬಹುಮಟ್ಟಿಗೆ ಎಲ್ಲಾ ಪುಟಗಳ ಪ್ರತಿಯೂ ಆ ಕ್ಷಣದಲ್ಲಿಯೇ ಭದ್ರವಾಗುವುದು. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಅಳಿಯುವುದನ್ನು ಉಳಿಸಿಕೊಳ್ಳುವ ಈ ಕಾರ್ಯವು ನಮ್ಮ ಸೀಮೆಗೆ ಹೊಸದಲ್ಲ. ಲಂಡನ್ ಮಿಷನ್ನಿನ ಬೋಧಕರೊಬ್ಬರ ಪುತ್ರರಾಗಿ 1837ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದ ಬಿ. ಎಲ್. ರೈಸ್ ಎಂಬವರು ಮೈಸೂರು ಸೀಮೆಯ ಶಾಸನಗಳನ್ನು ಹಳ್ಳಿಹಳ್ಳಿಯಿಂದ ಕೂಡಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಹೆಸರಿನಿಂದ ಸಂಪುಟಗಳಾಗಿ ಪ್ರಕಟಿಸಿದರು. ಸುಮಾರು ಒಂಬತ್ತು ಸಾವಿರ ಶಾಸನಗಳು ಹೀಗೆ ಅಚ್ಚಾದವು. ಅವುಗಳೊಳಗೆ 1905ರಲ್ಲಿ ಹೊರಬಿದ್ದ ಒಂಬತ್ತನೆಯ ಸಂಪುಟವು ಅಂದಿನ ಬೆಂಗಳೂರು ಜಿಲ್ಲೆಗೆ ಸೇರಿದುದು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ.

ಆ ಸಂಪುಟದ ಜೋಡಣೆಯನ್ನು ನಮ್ಮ ವಿದ್ಯಾರ್ಥಿನಿಯರು ಒಮ್ಮೆ ನೋಡಬೇಕು. ಮೊದಲು ತಾಲ್ಲೂಕು, ಆ ತಾಲ್ಲೂಕಿನೊಳಗೆ ಶಾಸನಕ್ಕೊಂದು ಸಂಖ್ಯೆ, ಸಂಖ್ಯೆಯ ಜೊತೆಗೆ ಆ ಕಲ್ಲು ಯಾವ ಊರಿನ ಯಾವ ಸ್ಥಳದಲ್ಲಿದೆ ಎಂಬ ವಿವರ, ಆಮೇಲೆ ಶಾಸನದ ಪಾಠ. ನೂರಿಪ್ಪತ್ತು ವರ್ಷಗಳು ಕಳೆದರೂ ವಿದ್ವಾಂಸರು ದೇವನಹಳ್ಳಿಯ ಇಂತಿಷ್ಟನೆಯ ಶಾಸನವೆಂದು ಅದೇ ಸಂಖ್ಯೆಯಿಂದ ಉಲ್ಲೇಖಿಸುತ್ತಾರೆ. ಅಂದು ಅಚ್ಚಿಗೆ ಸೇರಿದ ಕಲ್ಲುಗಳಲ್ಲಿ ಅನೇಕವು ಇಂದು ಸ್ಥಳದಲ್ಲಿಲ್ಲ; ರಸ್ತೆಯೋ ಬಡಾವಣೆಯೋ ಬಂದು ಅವು ಕಣ್ಮರೆಯಾದವು. ಕಲ್ಲು ಹೋಯಿತು, ಕಾಗದದಲ್ಲಿ ಪಾಠವು ಉಳಿಯಿತು. ಉಳಿದಿರುವ ಕಲ್ಲುಗಳನ್ನು ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಮೂರು ಆಯಾಮಗಳಲ್ಲಿ ಬಿಂಬಿಸಿ ಕಾಪಾಡುವ ಕಾರ್ಯದಲ್ಲಿ ತೊಡಗಿರುವುದು ಸಂತೋಷದ ಸಂಗತಿಯು. ಕಲ್ಲಿನ ಮೇಲೆ ಕೊರೆದ ಅಕ್ಷರಕ್ಕೇ ಈ ಅವಸ್ಥೆಯೊದಗಿದ ಮೇಲೆ ಬೆಳಕಿನಲ್ಲಿ ಬರೆದ ಅಕ್ಷರದ ಆಯುಷ್ಯವೆಷ್ಟು?

ಬಾಸೆಲ್ ಮಿಷನ್ನಿನ ಕಿಟ್ಟೆಲರ ಶಬ್ದಕೋಶವೂ ಇದೇ ಪಾಠವನ್ನು ಹೇಳುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಮುದ್ರಿತವಾದ ಆ ಗ್ರಂಥದಲ್ಲಿ ಶಬ್ದವೂ ಅರ್ಥವೂ ಇರುವುದಲ್ಲದೆ ಆ ಶಬ್ದವು ಯಾವ ಗ್ರಂಥದಲ್ಲಿ ಬಂದಿದೆ, ಯಾವ ಸೀಮೆಯ ಬಳಕೆಯದು ಎಂಬುದನ್ನು ಸಂಕ್ಷೇಪಾಕ್ಷರಗಳಿಂದ ಎಷ್ಟೋ ಕಡೆ ಸೂಚಿಸಿದ್ದಾರೆ. ಮೂಲವನ್ನು ಹೇಳಿರುವುದರಿಂದಲೇ ಸಂಶಯ ಬಂದಾಗ ನಾವು ಮೂಲಕ್ಕೆ ಹೋಗಿ ನೋಡಬಹುದಾಗಿದೆ.

ಇನ್ನು ನಮ್ಮ ವಿದ್ಯಾರ್ಥಿನಿಯರು ಈಗ ಉಳಿಸಿಕೊಳ್ಳುತ್ತಿರುವ ಬಗೆಯನ್ನು ನೋಡುವ. ಕೆಲವರು ಬುಕ್‌ಮಾರ್ಕು ಮಾಡಿಕೊಳ್ಳುತ್ತಾರೆ. ಇದು ಮನೆಯ ವಿಳಾಸವನ್ನು ಬರೆದುಕೊಂಡಂತೆ. ಮನೆಯವರು ಅಲ್ಲಿಯೇ ಇರುವರೆಂಬುದಕ್ಕೆ ಅದು ಹೊಣೆಯಾಗದು. ಮತ್ತೆ ಕೆಲವರು ವಾಟ್ಸಾಪಿನಲ್ಲಿ ತಮಗೆ ತಾವೇ ಲಿಂಕನ್ನು ಕಳುಹಿಸಿಕೊಳ್ಳುತ್ತಾರೆ. ಅದು ಹಬ್ಬದ ಶುಭಾಶಯಗಳ ಕೆಳಗೆ ಹೂತುಹೋಗುತ್ತದೆ. ಬಹಳ ಮಂದಿ ಸ್ಕ್ರೀನ್‌ಷಾಟು ತೆಗೆಯುತ್ತಾರೆ. ಇದು ಸುಲಭವಾದ ಉಪಾಯವೇ. ಆದರೆ ಅದರಲ್ಲಿ ಪುಟದ ವಿಳಾಸವು ಪೂರ್ತಿಯಾಗಿ ಕಾಣಿಸುವುದು ಅಪರೂಪ, ಬರೆದವರ ಹೆಸರು ಮೇಲೆಯೇ ಉಳಿದಿರುತ್ತದೆ, ಆರು ತಿಂಗಳ ಮೇಲೆ ನೋಡಿದರೆ ಇದು ಎಲ್ಲಿಯದು, ಯಾರ ಮಾತು ಎಂದು ತೆಗೆದವಳಿಗೇ ತಿಳಿಯುವುದಿಲ್ಲ. ಪರೀಕ್ಷೆಯ ಪ್ರಬಂಧದಲ್ಲಿ ಅಂತಹುದನ್ನು ಆಧಾರವೆಂದು ಹೇಗೆ ತೋರಿಸುವುದು?

ಇವೆಲ್ಲಕ್ಕಿಂತ ಮೇಲಾದುದು ಪುಟವನ್ನೇ ಉಳಿಸಿಕೊಳ್ಳುವುದು. ಕಂಪ್ಯೂಟರಿನಲ್ಲಿ ಪುಟವನ್ನು ಚಿತ್ರಗಳ ಸಮೇತವಾಗಿ ಕಡತವಾಗಿ ಉಳಿಸಬಹುದು. ಮೊಬೈಲಿನಲ್ಲಿಯೂ ಮುದ್ರಣದ ಆಜ್ಞೆಯನ್ನು ಕೊಟ್ಟು ಕಾಗದಕ್ಕೆ ಬದಲಾಗಿ ಪಿ.ಡಿ.ಎಫ್. ಎಂದು ಉಳಿಸಬಹುದು. ಕನ್ನಡದ ಹಳೆಯ ಪುಟಗಳಿಗೆ ಈ ಎರಡನೆಯ ಮಾರ್ಗವೇ ಕ್ಷೇಮಕರವು. ಯಾಕಂದರೆ ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಮುಂತಾದ ಅಚ್ಚುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕೃತಿಗಳನ್ನು ಕೂರಿಸಿದ್ದರು. ಆ ಅಚ್ಚು ನಮ್ಮ ಯಂತ್ರದಲ್ಲಿ ಇಲ್ಲದಿದ್ದರೆ ಕನ್ನಡದ ಬದಲಿಗೆ ಅರ್ಥವಿಲ್ಲದ ಚಿಹ್ನೆಗಳು ಕಾಣುವವು. ಪಿ.ಡಿ.ಎಫ್. ಕಡತದೊಳಗೆ ಅಕ್ಷರದ ರೂಪವೂ ಸಾಮಾನ್ಯವಾಗಿ ಸೇರಿಕೊಂಡಿರುವುದರಿಂದ ಓದಲಿಕ್ಕೆ ಅಡ್ಡಿಯಿಲ್ಲ. ಆದರೂ ಅಂತಹ ಕಡತದೊಳಗೆ ಕನ್ನಡದಲ್ಲಿ ಬೆರಳಚ್ಚಿಸಿ ಹುಡುಕಿದರೆ ಏನೂ ಸಿಕ್ಕದು. ಆದಕಾರಣ ಕಡತದ ಹೆಸರಿನಲ್ಲಿಯೇ ವಿಷಯವನ್ನು ಸ್ಪಷ್ಟವಾಗಿ ಬರೆಯಬೇಕು.

ಉಳಿಸಿದ ಪ್ರತಿಯೊಂದು ಪುಟಕ್ಕೂ ನಾಲ್ಕು ಸಂಗತಿಗಳು ಜೊತೆಗಿರಬೇಕು: ಬರೆದವರ ಹೆಸರು, ಪುಟದ ವಿಳಾಸ, ಉಳಿಸಿದ ದಿನ, ಉಳಿಸಿದುದರ ಕಾರಣ. ಕಡೆಯದನ್ನು ತನ್ನ ಸ್ವಂತ ಮಾತಿನಲ್ಲಿ ಒಂದೇ ವಾಕ್ಯವಾಗಿ ಬರೆದರೆ ಸಾಕು. “ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಗುರುತು ದೊರೆತುದರ ವಿವರ ಇದರಲ್ಲಿದೆ, ವಿಜ್ಞಾನ ಸಂಘದ ಭಾಷಣಕ್ಕೆ ಬೇಕು” ಎಂಬಷ್ಟು. ಆ ವಾಕ್ಯವನ್ನು ಬರೆಯಲಾಗದಿದ್ದರೆ ಪುಟವನ್ನು ಉಳಿಸುವ ಅಗತ್ಯವಿಲ್ಲವೆಂದೇ ತಿಳಿಯಬಹುದು. ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಅಂಕಿಗಳನ್ನು ಮೊದಲಿಟ್ಟರೆ ಕಡತಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಫೋಲ್ಡರುಗಳು ಮೂರೇ ಸಾಕು: ಓದಬೇಕಾದುವು, ಓದಿ ಆದುವು, ಆಧಾರಕ್ಕಾಗಿ ಇಟ್ಟುವು. ಹತ್ತಿಪ್ಪತ್ತು ಫೋಲ್ಡರುಗಳನ್ನು ಮಾಡಿಕೊಂಡವಳು ಯಾವುದರಲ್ಲಿ ಏನಿಟ್ಟೆನೆಂದು ಹುಡುಕುವುದರಲ್ಲಿಯೇ ಹೊತ್ತು ಕಳೆಯುವಳು. ಮುಖ್ಯವಾದುವುಗಳ ಎರಡನೆಯ ಪ್ರತಿಯೊಂದು ಬೇರೆ ಸ್ಥಳದಲ್ಲಿರಲಿ. ಮೊಬೈಲು ನೀರಿಗೆ ಬೀಳುವುದೂ ಕಳೆದುಹೋಗುವುದೂ ಹೇಳಿಕೇಳಿ ಆಗುವಂಥದಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ನಮ್ಮ ಉಪದೇಶದಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾದೀತು. ಸಂಗ್ರಹಿಸುವ ಚಟವೊಂದುಂಟು. ಕಂಡುದನ್ನೆಲ್ಲ ಉಳಿಸುತ್ತ ಹೋಗುವುದು, ಉಳಿಸಿದೆನೆಂಬ ಸಮಾಧಾನದಿಂದ ಓದದೆ ಬಿಡುವುದು. ಪುಟವು ಕೈಸೇರಿತೆಂದ ಮಾತ್ರಕ್ಕೆ ವಿಷಯವು ತಲೆಗೆ ಸೇರಿತೆಂದಾಗದು. ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಕಣದಲ್ಲಿ ತೂರಿ, ಹೊಟ್ಟನ್ನು ಹಾರಿಸಿ, ಚೆನ್ನಾಗಿ ಒಣಗಿಸಿದ ಕಾಳನ್ನು ಮಾತ್ರ ಒಳಕ್ಕೆ ಇಳಿಸುತ್ತಿದ್ದರು. ಹಸಿಯಾಗಿ ಇಳಿಸಿದ ಕಾಳು ತಾನೂ ಕೆಟ್ಟು ಜೊತೆಯದನ್ನೂ ಕೆಡಿಸುವುದೆಂದು ಅವರಿಗೆ ತಿಳಿದಿತ್ತು. ತೂರುವ ಕೆಲಸವಿಲ್ಲದೆ ತುಂಬುವ ಕೆಲಸಕ್ಕೆ ಬೆಲೆಯಿಲ್ಲ. ಆದುದರಿಂದ ತಿಂಗಳಿಗೊಮ್ಮೆ, ಒಂದು ಶನಿವಾರದ ಮಧ್ಯಾಹ್ನ, ತನ್ನ ಸಂಗ್ರಹವನ್ನು ತೆರೆದು ನೋಡುವ ಅಭ್ಯಾಸವಿರಲಿ. ಓದಿ ಮುಗಿಸಿದುದನ್ನು ಮುಂದಿನ ಫೋಲ್ಡರಿಗೆ ಸಾಗಿಸುವುದು, ಮೂರು ತಿಂಗಳಾದರೂ ಮುಟ್ಟದೆ ಬಿಟ್ಟುದನ್ನು ಸಂಕೋಚವಿಲ್ಲದೆ ಅಳಿಸುವುದು. ಸುಳ್ಳು ಸುದ್ದಿಯೂ ಒಳ್ಳೆಯ ಸುದ್ದಿಯಷ್ಟೇ ಸುಲಭವಾಗಿ ಉಳಿಯುವುದಾದುದರಿಂದ, ಬರೆದವರ ಹೆಸರೂ ಮೂಲವೂ ಇಲ್ಲದ ಪುಟವನ್ನು ಆಧಾರದ ಫೋಲ್ಡರಿಗೆ ಬಿಡಲೇಬಾರದು.

ಹೆಣ್ಣುಮಕ್ಕಳಿಗೆ ಈ ವಿದ್ಯೆಯು ಹೆಚ್ಚು ಅವಶ್ಯಕವೆಂದು ನಾವು ಹೇಳುವುದಕ್ಕೆ ಕಾರಣವುಂಟು. ಅನೇಕ ಮನೆಗಳಲ್ಲಿ ಮೊಬೈಲು ಇರುವುದೊಂದೇ. ಅದು ತಂದೆಯವರದೋ ಅಣ್ಣನದೋ ಆಗಿರುತ್ತದೆ. ಅವರು ಕೆಲಸದಿಂದ ಹಿಂದಿರುಗಿದ ಮೇಲೆ, ಅಡಿಗೆಯ ಕೆಲಸವೂ ಮುಗಿದ ಮೇಲೆ, ಮಗಳ ಕೈಗೆ ಅದು ಬರುವುದು ಅರ್ಧ ಗಂಟೆಯ ಮಟ್ಟಿಗೆ. ನಿನ್ನೆ ಹುಡುಕಿ ತೆಗೆದುದನ್ನು ಇಂದು ಮತ್ತೆ ಹುಡುಕುತ್ತ ಆ ಅರ್ಧ ಗಂಟೆಯನ್ನು ಕಳೆದರೆ ಓದುವುದು ಯಾವಾಗ? ಮತ್ತೆ ಮತ್ತೆ ಹುಡುಕಿದರಾಯಿತೆಂಬುದು ಯಾವಾಗಲೂ ಕೈಯಲ್ಲಿ ಮೊಬೈಲಿರುವವರ ಮಾತು. ಇಂತಹ ಬಾಲಿಕೆಯರಿಗಾಗಿ ನಾವು ಸೂಚಿಸುವ ಉಪಾಯವು ಗೆರೆ ಹಾಕಿದ ಒಂದು ನೋಟು ಪುಸ್ತಕವು. ಅದರಲ್ಲಿ ಮೇಲೆ ಹೇಳಿದ ನಾಲ್ಕು ಸಂಗತಿಗಳಿಗೆ ನಾಲ್ಕು ಕಲಮುಗಳು. ಪುಟದ ಸಾರಾಂಶಕ್ಕೆ ಕೆಳಗೆ ಐದಾರು ಸಾಲುಗಳು. ಮೊಬೈಲು ಇನ್ನೊಬ್ಬರ ಕೈಗೆ ಹೋದರೂ ಈ ಪುಸ್ತಕವು ಅವಳ ಚೀಲದಲ್ಲಿಯೇ ಇರುವುದು. ಕೈಯಿಂದ ಸಾರಾಂಶವನ್ನು ಬರೆದವಳಿಗೆ ವಿಷಯವು ನೆನಪಿನಲ್ಲಿಯೂ ನಿಲ್ಲುವುದೆಂಬುದನ್ನು ಬೋಧಿಸುವವರೆಲ್ಲರೂ ಬಲ್ಲರು.

ಸಂಗ್ರಹದ ಪ್ರಯೋಜನವು ಪರೀಕ್ಷೆಗೆ ಮಾತ್ರವೆಂದು ಎಣಿಸಬಾರದು. ನಮ್ಮ ಊರುಗಳು ನಮ್ಮ ಕಣ್ಣೆದುರಿಗೇ ಬೇರೆಯಾಗುತ್ತಿವೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದಂದಿನಿಂದ ದ್ರಾಕ್ಷಿ ಚಕ್ಕೋತಗಳ ತೋಟಗಳಿದ್ದ ಎಷ್ಟೋ ಕಡೆ ಕಟ್ಟಡಗಳೆದ್ದವು. ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಗ್ರಾಮಗಳ 1,777 ಎಕರೆ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವ ಯೋಜನೆಯ ವಿರುದ್ಧ ರೈತರು ಮೂರು ವರ್ಷಗಳಿಗೂ ಮೇಲ್ಪಟ್ಟು ಹೋರಾಡಿದರು. 2025ರ ಜುಲೈ 15ರಂದು ಸರಕಾರವು ಆ ಯೋಜನೆಯನ್ನು ಕೈಬಿಟ್ಟಿತು. ಅದರ ನ್ಯಾಯಾನ್ಯಾಯಗಳನ್ನು ವಿಚಾರಿಸುವುದು ಈ ಲೇಖನದ ಉದ್ದೇಶವಲ್ಲ. ಆ ಗ್ರಾಮಗಳ ಮನೆಗಳಲ್ಲಿ ಓದುತ್ತಿರುವ ಮಕ್ಕಳಿಗೆ ಅದು ತಮ್ಮ ಮನೆಯ ಚರಿತ್ರೆಯೇ ಅಲ್ಲವೆ? ಆ ವರ್ಷಗಳ ವರದಿಗಳೂ ಪ್ರಕಟಣೆಗಳೂ ಭಾವಚಿತ್ರಗಳೂ ಇಂದು ಹತ್ತಾರು ತಾಣಗಳಲ್ಲಿ ಚೆದರಿ ಬಿದ್ದಿವೆ. ಇಪ್ಪತ್ತು ವರ್ಷಗಳ ಮೇಲೆ ಯಾರಾದರೂ ಕೇಳಿದರೆ ಅವು ಅಲ್ಲಿರುವುವೆಂದು ಹೇಳುವ ಧೈರ್ಯವು ನಮಗಿಲ್ಲ. ಇಂದೇ ಆಯ್ದಿಟ್ಟುಕೊಂಡವಳು ನಾಳೆ ತನ್ನ ಊರಿನ ಚರಿತ್ರೆಯನ್ನು ಬರೆಯಬಲ್ಲಳು. ದೊಡ್ಡಬಳ್ಳಾಪುರದ ವಿದ್ಯುತ್‌ಮಗ್ಗಗಳ ಸುದ್ದಿ, ನೆಲಮಂಗಲದ ಶಿವಗಂಗೆಯ ಬೆಟ್ಟದ ವರ್ಣನೆ, ಹೊಸಕೋಟೆಯ ಕೆರೆಯ ವರ್ತಮಾನ, ಇವುಗಳಿಗೂ ಇದೇ ಮಾತು ಸಲ್ಲುತ್ತದೆ.

ಇದರಲ್ಲಿ ಧರ್ಮಸೂಕ್ಷ್ಮವೂ ಉಂಟು. 1957ರ ಭಾರತೀಯ ಗ್ರಂಥಸ್ವಾಮ್ಯ ಕಾನೂನಿನ 52ನೆಯ ಪ್ರಕರಣವು ಸ್ವಂತ ವ್ಯಾಸಂಗಕ್ಕಾಗಿಯೂ ಸಂಶೋಧನೆಗಾಗಿಯೂ ಇನ್ನೊಬ್ಬರ ಬರಹವನ್ನು ನ್ಯಾಯವಾದ ಮಿತಿಯಲ್ಲಿ ಬಳಸಿಕೊಳ್ಳುವುದಕ್ಕೆ ಅವಕಾಶವನ್ನು ಕೊಡುತ್ತದೆ. ತನ್ನ ಓದಿಗಾಗಿ ಇಟ್ಟುಕೊಳ್ಳುವುದು ಬೇರೆ. ಅದನ್ನೇ ತನ್ನ ಹೆಸರಿನಿಂದ ಹೊರಡಿಸುವುದು ಬೇರೆ. ಎರಡನೆಯದು ಕಳವು. ಹಾಗೆಯೇ ಆಧಾರ್ ಚೀಟಿ, ಬ್ಯಾಂಕಿನ ಕಾಗದಪತ್ರಗಳು, ಸ್ವಂತ ಭಾವಚಿತ್ರಗಳು, ಇವನ್ನು ಓದಿನ ಸಂಗ್ರಹದೊಡನೆ ಬೆರೆಸಬಾರದು. ಸಂಗ್ರಹವನ್ನು ಗೆಳತಿಯರೊಡನೆ ಹಂಚಿಕೊಳ್ಳುವ ದಿನ ಅವೂ ಜೊತೆಯಲ್ಲಿ ಹೊರಟುಹೋದಾವು.

ಕಡೆಯದಾಗಿ, ಶಾಲೆಗಳನ್ನು ನಡೆಸುವವರಲ್ಲಿ ನಮ್ಮದೊಂದು ವಿಜ್ಞಾಪನೆ. ಎಂಟನೆಯ ತರಗತಿಯಿಂದ ಮೊದಲ್ಗೊಂಡು ತಿಂಗಳಿಗೆ ಒಂದು ಪಾಠದ ವೇಳೆಯನ್ನು ಈ ಅಭ್ಯಾಸಕ್ಕೆ ಬಿಟ್ಟುಕೊಟ್ಟರೆ ಸಾಕು. ಶಾಲೆಯ ಕಂಪ್ಯೂಟರಿನಲ್ಲಿ ನಾಲ್ಕು ತಾಲ್ಲೂಕುಗಳ ಹೆಸರಿನ ನಾಲ್ಕು ಫೋಲ್ಡರುಗಳಿರಲಿ. ಪ್ರತಿಯೊಬ್ಬ ವಿದ್ಯಾರ್ಥಿನಿಯೂ ವರ್ಷಕ್ಕೆ ಮೂರೇ ಪುಟಗಳನ್ನು, ತನ್ನ ಊರಿಗೆ ಸಂಬಂಧಿಸಿದುವನ್ನು, ಹೆಸರು ಮೂಲ ದಿನ ಕಾರಣಗಳ ಸಮೇತ ಅದರಲ್ಲಿ ಸೇರಿಸಲಿ. ರೈಸ್ ಸಾಹೇಬರ ಮಾದರಿಯಲ್ಲಿ ಅವುಗಳಿಗೆ ತಾಲ್ಲೂಕುವಾರು ಸಂಖ್ಯೆಗಳು ಬೀಳಲಿ. ನಲವತ್ತು ಮಂದಿಯ ಒಂದು ತರಗತಿಯಿಂದ ವರ್ಷಕ್ಕೆ ನೂರಿಪ್ಪತ್ತು ಪುಟಗಳು ಕೂಡುವುವು. ಹತ್ತು ವರ್ಷಗಳಲ್ಲಿ ಅದು ಯಾವ ದೊಡ್ಡ ಭಂಡಾರದಲ್ಲಿಯೂ ಒಂದೆಡೆ ದೊರೆಯದಂಥ ನಮ್ಮ ಸೀಮೆಯ ದಾಖಲೆಯಾಗುವುದು. ಇದಕ್ಕೆ ಬೇಕಾದುದು ಹಣವಲ್ಲ. ಒಬ್ಬ ಉಪಾಧ್ಯಾಯಿನಿಯವರ ಮೇಲ್ವಿಚಾರಣೆ, ಎರಡು ಪೆನ್‌ಡ್ರೈವುಗಳು, ಒಂದು ದಪ್ಪ ನೋಟು ಪುಸ್ತಕ. ಮುಂದಿನ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಅದರ ಮೊದಲನೆಯ ಪಟ್ಟಿಯನ್ನು ಅಚ್ಚುಹಾಕಿಸುವ ಭಾಗ್ಯವು ನಮ್ಮ ಶಾಲೆಗೆ ಒದಗಲೆಂದು ಹಾರೈಸುತ್ತೇವೆ.